ಅವನು ಹೇಳದ ಹೌದು

ಮಾರ್ಚ್ 4, ಮಧ್ಯಾಹ್ನ 2

ಕೋರ್ಟಿನಲ್ಲಿ ಇವತ್ತಿನ ಮೂರನೇ ತಪ್ಪೊಪ್ಪಿಗೆ. ರಾಯ್ಸ್ ಟ್ಯಾಕೆಟ್. ಗಣಿ ಮುಚ್ಚಿದ ಮೇಲೆ ಅಮಲೇರಿಸುವ ನೋವಿನ ಮಾತ್ರೆ ಕದ್ದುಮುಚ್ಚಿ ಮಾರಿದವ. ತಪ್ಪು ಒಪ್ಪಿದರೆ ಸರ್ಕಾರಿ ವಕೀಲರು ಎರಡು ಆರೋಪ ಬಿಡುತ್ತಾರೆ. ಬದಲಿಗೆ ಅವನು ಮೇಲ್ಮನವಿಯ ಹಕ್ಕು ಬಿಡಬೇಕು. ನ್ಯಾಯಾಧೀಶ ಹಾಲ್ಡೇನರದು ಅದೇ ಪಾಠ.

"ಶಿಕ್ಷೆ ಎಷ್ಟೇ ಆಗ್ಲಿ, ಮೇಲಿನ ಕೋರ್ಟಿಗೆ ಹೋಗೋ ಹಾಗಿಲ್ಲ. ತಿಳೀತೇನಪ್ಪಾ? ಬಾಯ್ಬಿಟ್ಟು ಹೇಳು. ತಲೆ ಆಡ್ಸಿದ್ರೆ ನಮ್ಮ ಓಲೀಟಾಗೆ ಟೈಪ್ ಮಾಡಕ್ಕಾಗಲ್ಲ."

ಎಲ್ಲರೂ ನಕ್ಕರು. ನಾನೂ. ಹದಿನೇಳು ವರ್ಷದಿಂದ ಇದೇ ಜೋಕು.

"ಹೌದು, ಸ್ವಾಮಿ" — ಕೋರ್ಟಿನ ಮಾತೆಲ್ಲ ದಾಖಲಿಸುವ ನನ್ನ ಶೀಘ್ರಲಿಪಿ ಯಂತ್ರದಲ್ಲಿ ಒಂದೇ ಒತ್ತು. ಬೆರಳಿಗೆ ನನ್ನ ಅಪ್ಪಣೆಯೂ ಬೇಕಿಲ್ಲ. ಹಾಲ್ಡೇನರಿಗೆ ಕಿವಿ ಮಂದ. ನಾನು ಒತ್ತಿದ್ದನ್ನು ಪರದೆಯಲ್ಲಿ ಓದಿಕೊಳ್ಳುತ್ತಾರೆ. ಊಟಕ್ಕೆ ಪೆಪ್ಪರೋನಿ ರೋಲ್. ತಣ್ಣಗಿತ್ತು.

ಜೂನ್ 10

ರಾಯ್ಸ್‌ಗೆ ಹನ್ನೊಂದು ವರ್ಷ. ಮೂರು ಅಂದುಕೊಂಡಿದ್ದನಂತೆ. ಮೇಲ್ಮನವಿಗೆ ಹದಿನಾಲ್ಕು ದಿನ ಗಡುವು. ಅವನ ಅಕ್ಕ ವರ್ನಾ ನನ್ನ ಕೋಣೆಗೇ ಬಂದಳು.

"ಮೇಡಂ, ಹಕ್ಕು ಬಿಡೋ ಮಾತಿಗೆ ನಾನು ಬಾಯೇ ಬಿಡ್ಲಿಲ್ಲ ಅಂತಾನೆ."

"ದಾಖಲೆಯಲ್ಲಿ ಇದೆ ಕಣಮ್ಮಾ. ನಾನೇ ಸಹಿ ಹಾಕಿದೀನಿ."

ಗತ್ತಿನಿಂದಲೇ ಹೇಳಿದೆ.

ಜೂನ್ 11

ಯಂತ್ರ ಧ್ವನಿಯನ್ನೂ ಹಿಡಿದಿಡುತ್ತದೆ — ನನ್ನ ಅನುಕೂಲಕ್ಕೆ ಮಾತ್ರ, ಕೋರ್ಟಿಗೆ ಅದು ಲೆಕ್ಕವಿಲ್ಲ. ಹಾಕಿ ಕೇಳಿದೆ. ಹಾಲ್ಡೇನರ ಪ್ರಶ್ನೆ. ನಗು. ಮೌನ. ಟಕ್. "ಥ್ಯಾಂಕ್ಯೂ" — ಹಾಲ್ಡೇನರು.

ರಾಯ್ಸ್ ಎಲ್ಲಿ?

ಆರು ಸಲ ಕೇಳಿದೆ. ಆ ಟಕ್ ನನ್ನ ಬೆರಳಿನದು.

ಜೂನ್ 12

ಹಳೆಯ ನಾಲ್ಕು ಕೇಸು ಹಾಕಿ ಕೇಳಿದೆ. ಎರಡರಲ್ಲಿ ಅದೇ. ಮೌನ, ಟಕ್, ಥ್ಯಾಂಕ್ಯೂ. ಐದನೆಯದನ್ನು ಹಾಕಲಿಲ್ಲ. ಹೆದರಿಕೆಯಾಯಿತು.

ಜೂನ್ 19

ಅಂಗಡಿಯವಳು "ಚೀಲ ಬೇಕಾ?" ಎಂದಳು. ಬೇಡವಾಗಿತ್ತು. ಬೆರಳುಗಳು ಗಲ್ಲಾದ ಮೇಲೆ ಅದೇ 'ಹೌದು' ಒತ್ತನ್ನು ಒತ್ತಿಬಿಟ್ಟವು. ಅವಳು ಚೀಲ ಕೊಟ್ಟಳು! ಹೇಗೆ ಗೊತ್ತಾಯಿತು ಅವಳಿಗೆ...

ಸಂಜೆ ವರ್ನಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅತ್ತಳು. "ಕೋರ್ಟಲ್ಲೂ ಹೇಳ್ತೀರಾ ಮೇಡಂ?" ಹೇಳುತ್ತೇನೆ ಎಂದೆ. ಕೆಲಸ ಹೋದರೆ ಹೋಗಲಿ.

ಜೂನ್ 23, ಸಂಜೆ 4

ನಾಳೆ ಗಡುವು. ದಾಖಲೆ ತಿದ್ದಬೇಕೆಂದು ರಾಯ್ಸ್‌ನ ವಕೀಲರು ಕೇಳಿದ್ದರು. ಇವತ್ತು ಸಾಕ್ಷಿಕಟ್ಟೆಯಲ್ಲಿ ನಾನು. ನನ್ನ ಯಂತ್ರದ ಮುಂದೆ ಮೇಬೆತ್. ಅವಳಿಗೆ ಕೆಲಸ ಕಲಿಸಿದವಳು ನಾನೇ. ಒಂದೊಂದು ಒತ್ತನ್ನೂ.

ಹಾಲ್ಡೇನರು ಕೇಳಿದರು: "ಓಲೀಟಾ, ಅವ್ನು ಹೌದು ಅಂದ ಅಂತ ಬರೆದಿದೀಯ. ಬರೆದಿದ್ದು ನಿಜ ತಾನೇ?"

ರಾಯ್ಸ್ ನನ್ನನ್ನೇ ನೋಡುತ್ತಿದ್ದ. ಒಂದು ಗುಟುಕು ನೀರು ಕುಡಿದೆ, ಅಷ್ಟೇ.

ಟಕ್.

ಮೇಬೆತ್ ಒತ್ತಿದ್ದನ್ನು ಹಾಲ್ಡೇನರು ಪರದೆಯಲ್ಲಿ ಓದಿದರು: 'ಹೌದು, ಸ್ವಾಮಿ.' "ಥ್ಯಾಂಕ್ಯೂ."

"ಇಲ್ಲ" ಎಂದೆ. ಯಾರೂ ತಲೆ ಎತ್ತಲಿಲ್ಲ. ಕೂಗಿದೆ. ಮೇಬೆತ್ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ನನ್ನ 'ಇಲ್ಲ' ಒತ್ತಲೇ ಇಲ್ಲ. ರಾಯ್ಸ್‌ನನ್ನು ಎಬ್ಬಿಸಿ ಕರೆದೊಯ್ದರು. ಬಾಗಿಲಲ್ಲಿ ವರ್ನಾ ನನ್ನನ್ನು ತಡೆದು, "ಯಾಕೆ ಮೇಡಂ ಹೌದು ಅಂದ್ರಿ?" ಎಂದಳು.

ನಾನು ಅನ್ನಲಿಲ್ಲ ವರ್ನಾ, ನಾನು...