ಹಾಲೇಶನ ಕಲ್ಲಿನ ಮೇಲಿನ ಸಾಲು

ಕನ್ನಡ ಕಲಿಸಿದ ಮೇಷ್ಟ್ರೇ,

ನಮಸ್ಕಾರವನ್ನು ಕೊನೆಗೆ ಹೇಳುತ್ತೇನೆ, ಹೇಳಬೇಕು ಅನ್ನಿಸಿದರೆ. ನೀವು ಬದುಕಿದ್ದಾಗ ನಿಮ್ಮೆದುರು ತಲೆ ಎತ್ತಿ ಒಂದು ಮಾತೂ ಆಡದವಳು ನಾನು. ಈಗ ನೀವು ನಡುವೆ ಬಾಯಿ ಹಾಕುವಂತಿಲ್ಲ. ಅಷ್ಟರಮಟ್ಟಿಗೆ ಅನುಕೂಲ.

ಒಂಬತ್ತನೇ ತರಗತಿ ನೆನಪಿದೆಯೇ? ಯುದ್ಧದ ಮೇಲೆ ನಾಲ್ಕು ಸಾಲು ಬರೆಸಿದಿರಿ. ಡಸ್ಟರಿನಿಂದ ಮೇಜು ಕುಟ್ಟುತ್ತಾ, "ಮಹಾಪ್ರಾಣ ಹಾಕ್ರಲೇ! ಯುದ್ಧ ಅಂದ್ರೆ ಕಿವಿ ಗುಂಯ್ ಅನ್ನಬೇಕು" ಅಂದಿರಿ. ಪಕ್ಕದ ಸಾಲಿನ ಹಾಲೇಶ ಎದ್ದು ನಿಂತು 'ದಗದಗ' ಎಂದು ಓದಿದ. 'ಧಗಧಗ' ಅವನ ನಾಲಿಗೆಗೆ ಬರಲಿಲ್ಲ. ನಮ್ಮ ಸಂತೇಬೆನ್ನೂರಿನಲ್ಲಿ ಯಾರ ನಾಲಿಗೆಗೆ ಬರುತ್ತದೆ ಹೇಳಿ? "ನಿನ್ನ ಬೆಂಕಿ ಒಲೆ ಹಚ್ಚಾಕೂ ಸಾಲಲ್ಲ ಬಿಡೋ" ಎಂದು ಇಡೀ ಕ್ಲಾಸನ್ನು ನಗಿಸಿದಿರಿ. ನಾನೂ ನಕ್ಕೆ. ಅದಕ್ಕೂ ನಿಮ್ಮ ಮೇಲೇ ಸಿಟ್ಟು.

ಅದೇ ಹಾಲೇಶ ಸೈನ್ಯಕ್ಕೆ ಸೇರಿದ. ಗಡಿಯಲ್ಲಿ ಶೆಲ್ ಬಿದ್ದು ಸತ್ತ. ಶ್ರದ್ಧಾಂಜಲಿ ಸಭೆಯ ಹಿಂದಿನ ದಿನ ನನ್ನನ್ನು ಮನೆಗೆ ಕರೆಸಿ, "ಎಂ.ಎ. ಮಾಡಿದೀಯ, ಘ ಬರೋ ಪದ ನಾಕು ಹುಡುಕಿಕೊಡವ್ವ" ಅಂದಿರಿ. ಘೋರ, ಘನ, ಘರ್ಜನೆ... ನಾನೇ ಕೊಟ್ಟೆ. ಮರುದಿನ ಶಾಮಿಯಾನದಡಿ ನಿಂತು ಓದಿದಿರಿ: ಘೋರ ಘರ್ಜನೆಯ ಸಿಂಹ, ಧಗಧಗಿಸುವ ಧೀರಜ್ವಾಲೆ. ಚಪ್ಪಾಳೆ ಬಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ!

ಆಗ ಅವನ ತಾಯಿ ನಾಗಮ್ಮ ಎದ್ದು ಕೇಳಿದ್ದನ್ನು ಮರೆತಿರಾ? "ಮೇಷ್ಟ್ರೇ, ಸಿಂಹ ಬಂತು, ಬೆಂಕಿ ಬಂತು. ಇದ್ರಾಗೆ ನನ್ ಮಗ ಎಲ್ಲಿ ಅದಾನೆ?" ನೀವು ಮೈಕಿಗೆ ಕೈ ಅಡ್ಡ ಹಿಡಿದು, "ಅದು ಅಲಂಕಾರ ಕಣಮ್ಮ, ನಿಂಗೆ ತಿಳಿಯಲ್ಲ, ಕೂತ್ಕೋ" ಅಂದಿರಿ. ಆಕೆ ಕೂತಳು. ನಾನು ಕೂತೇ ಇದ್ದೆ. ಸತ್ತವನನ್ನು ಸಿಂಹ ಮಾಡಿದರೆ ಯಾರಿಗೆ ಸಮಾಧಾನ? ಅವನ ಅವ್ವನಿಗಂತೂ...

ಆರು ತಿಂಗಳಿಗೆ ನೀವೂ ಹೋದಿರಿ. ಮೊನ್ನೆ ಊರವರು ಹಾಲೇಶನಿಗೊಂದು ಕಲ್ಲು ನಿಲ್ಲಿಸಲು ಹೊರಟರು, ಹಳೆಯ ವೀರಗಲ್ಲುಗಳ ಪಕ್ಕದಲ್ಲೇ. ಕೆತ್ತುವವನಿಗಾಗಿ ನಿಮ್ಮ ಪದ್ಯವನ್ನು ಚೆನ್ನಾಗಿ ಬರೆದುಕೊಡಲು ಸಮಿತಿಯ ಅಧ್ಯಕ್ಷರು ನನಗೆ ಹೇಳಿದರು. ನಾಗಮ್ಮನಿಗೆ ಓದಿ ಕೇಳಿಸಲು ಹೋದೆ. ಬೀದಿಯಲ್ಲಿ ಮೆಕ್ಕೆಜೋಳ ಬಿಡಿಸುವ ಮಿಷನ್ ಶುರುವಾಯಿತು. ಆಕೆ ದಡಕ್ಕನೆ ಎದ್ದು ಬಾಗಿಲು ಹಾಕಿದಳು.

"ಕಡೇ ಸಲ ಫೋನ್ ಮಾಡಿದ್ನಲ್ಲ, ಹಿಂದ್ಗಡೆ ಏನೋ ಸದ್ದು. ಏನೋ ಅದು ಅಂದೆ. ಜೋಳದ ಮಿಷನ್ ಸದ್ದು ಇದ್ದಂಗೆ ಐತೆ, ಹೆದರಬ್ಯಾಡ ಅವ್ವ ಅಂದ. ನಮ್ ಕಣ ನೆನಪಾಗಿ ನಕ್ಕುಬಿಟ್ಟೆ ಕಣವ್ವ. ಈಗ ಸುಗ್ಗಿ ಬಂದ್ರೆ ಸಾಕು, ನನ್ ಬಾಗ್ಲಾಗೆ ದಿನಾ ಯುದ್ಧ."

ಅವನ ನಾಲಿಗೆಯನ್ನು ಹಂಗಿಸಿದಿರಲ್ಲ ಮೇಷ್ಟ್ರೇ? ಶೆಲ್ ಬೀಳುತ್ತಿರುವಾಗ ಅವನು ಅವ್ವನ ಹೆದರಿಕೆ ಇಳಿಸಲು ಒಂದು ಉಪಮೆ ಹುಡುಕಿದ. ನೀವು ಶಾಮಿಯಾನದ ನೆರಳಲ್ಲಿ ನಮ್ಮ ರೋಮ ನಿಲ್ಲಿಸಲು ಹುಡುಕಿದಿರಿ. ಎರಡಕ್ಕೂ ಅಲಂಕಾರ ಎಂಬ ಒಂದೇ ಹೆಸರು ಕಲಿಸಿದ್ದೀರಿ ನನಗೆ.

ನಾನು ಕೆತ್ತುವವನಿಗೆ ಬೇರೆ ಚೀಟಿ ಕೊಟ್ಟೆ. ಅಧ್ಯಕ್ಷರು ರೇಗಿದರು: "ವೀರಗಲ್ಲಿನ ಮ್ಯಾಲೆ ಜೋಳದ ಮಿಷನ್ನಾ? ಮೇಷ್ಟ್ರ ಪದ್ಯ ಹೆಂಗೈತೆ, ಗುಡುಗಿದಂಗೆ!" "ಅದ್ರಾಗೆ ಅರ್ಧ ಪದ ನಾನೇ ಕೊಟ್ಟಿದ್ದು. ವಾಪಸ್ ತಗೊಂಡಿದೀನಿ" ಅಂದೆ. ಹಿಂದಿನಿಂದ ನಾಗಮ್ಮ, "ನನ್ ಮಗನ ಕಲ್ಲು ಕಣ್ರೀ. ಅವನ ಮಾತೇ ಇರ್ಲಿ" ಅಂದಳು. ಕೂತ್ಕೋ ಅಂದಿದ್ದರೂ ಈ ಸಲ ಆಕೆ ಕೂರುತ್ತಿರಲಿಲ್ಲ.

ಕಲ್ಲು ನಿಂತಿದೆ. ಹೆಸರಿನ ಕೆಳಗೆ ಒಂದೇ ಸಾಲು: ಜೋಳದ ಮಿಷನ್ ಸದ್ದು ಇದ್ದಂಗೆ ಐತೆ, ಹೆದರಬ್ಯಾಡ ಅವ್ವ. ನಾಗಮ್ಮನ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಓಡಿಸಿದೆ. ಹುಡುಕಿ ನೋಡಿ ಮೇಷ್ಟ್ರೇ, ಒಂದೂ ಮಹಾಪ್ರಾಣವಿಲ್ಲ.

ನಮಸ್ಕಾರ ಇನ್ನೂ ಬಾಯಿಗೆ ಬರುತ್ತಿಲ್ಲ.