ಇನ್ನೂ ಆಗದ್ದರ ಲೆಕ್ಕ

ಅರಸೀಕೆರೆ
೯-೧೧-೧೯೬೩

ಪ್ರೀತಿಯ ಮಗ ಏಕಾಂತಯ್ಯನಿಗೆ ನಿನ್ನ ಅವ್ವನ ಆಶೀರ್ವಾದ.

ನಾವೆಲ್ಲ ಕ್ಷೇಮ. ನಿನ್ನ ಕೆಮ್ಮು ನಿಂತಿತೇ? ಕಲ್ಕತ್ತೆಯ ನೀರು ಒಗ್ಗಿತೇ? ವಾರಕ್ಕೊಮ್ಮೆಯಾದರೂ ಎಣ್ಣೆ ನೀರು ಹಾಕಿಕೊಳ್ಳುತ್ತೀಯೋ, ಅದನ್ನೂ ಲೆಕ್ಕ ಮುಗಿದ ಮೇಲೆ ಎಂದು ಮುಂದೂಡುತ್ತೀಯೋ? ಈ ಸಲ ಕೊಬ್ಬರಿ ಧಾರಣೆ ಚೆನ್ನಾಗಿರುವುದರಿಂದ ನಿಮ್ಮ ಅಪ್ಪಾಜಿ ಊಟಕ್ಕೆ ಕೂತಾಗ ಯಾರನ್ನೂ ಬೈಯುತ್ತಿಲ್ಲ. ನಿನ್ನ ತಂಗಿ ಸುವರ್ಣ ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲೇ ಇದ್ದಾಳೆ. ನಿನ್ನ ಹೆಸರಿಗೆ ಬರುವ ಇಂಗ್ಲಿಷ್ ಕಾರ್ಡುಗಳನ್ನು ನನಗೆ ಓದಿ ಹೇಳುವವಳು ಅವಳೇ.

ಆ ಕಾರ್ಡುಗಳ ವಿಷಯವನ್ನೇ ಬರೆಯಬೇಕು. ನೀನು ಅಚ್ಚು ಹಾಕಿಸಿದ ಹನ್ನೊಂದು ಗಣಿತದ ಲೇಖನಗಳಲ್ಲಿ ಹತ್ತನ್ನು ಯಾರೂ ಕೇಳುವುದಿಲ್ಲ, ಬೇಜಾರಾಗಬೇಡ. ಇಲ್ಲಿ ಹಜಾರದಲ್ಲಿ ಕೂತು ಬರೆದೆಯಲ್ಲ, ಐದೇ ಪುಟದ್ದು, ಅದಕ್ಕೇ ಎಲ್ಲರೂ ಮುಗಿಬೀಳುತ್ತಾರೆ. ಅದರಲ್ಲಿ ನಮ್ಮ ಮನೆ ವಿಳಾಸವೇ ಅಚ್ಚಾಗಿರುವುದರಿಂದ ಕಾರ್ಡುಗಳೂ ಇಲ್ಲಿಗೇ ಬರುತ್ತವೆ. ಒಂದು ಪ್ರತಿ ಕಳಿಸಿ, ನಮ್ಮ ಬರಹದಲ್ಲಿ ಉಲ್ಲೇಖಿಸುತ್ತೇವೆ ಎಂದು ಕೇಳುತ್ತಾರೆ. ನೀನು ಬಿಟ್ಟುಹೋದ ಅಚ್ಚಿನ ಪ್ರತಿಗಳ ಕಟ್ಟಿನಿಂದ ಒಂದೊಂದನ್ನೇ ತೆಗೆದು ನಾವು ಬುಕ್‌ಪೋಸ್ಟಿನಲ್ಲಿ ಕಳಿಸುತ್ತಿದ್ದೆವು. ಮಗನ ಹೆಸರು ಊರೂರು ತಿರುಗುತ್ತಿದೆಯೆಂದು ನನಗೂ ಹೆಮ್ಮೆಯೇ.

ಆ ಲೇಖನ ಹುಟ್ಟಿದ್ದು ಹೇಗೆ, ನೆನಪಿದೆಯೇ? ಹಿತ್ತಿಲ ಮರದ ಕೆಳಗೆ ಚಾಪೆ ಹಾಸಿಕೊಂಡಿದ್ದ ಅಪ್ಪಾಜಿ, "ತೆಂಗಿನಕಾಯಿಗೆ ಕಣ್ಣೈತೆ ಕಣ್ಲಾ, ಮನ್ಸನ್ ತಲೆ ಮ್ಯಾಲೆ ಬೀಳಾಕಿಲ್ಲ" ಅಂದರು. ನೀನು ನಕ್ಕು, "ಇದುವರ್ಗೂ ಬಿದ್ದಿಲ್ಲ, ಅಷ್ಟೇ ಅಪ್ಪಾಜಿ" ಅಂದೆ. ಹಿಂದೆ ಎಂದೂ ಆಗದೇ ಇದ್ದದ್ದು ಮೊದಲ ಸಲ ಯಾವಾಗ ಆದೀತು ಎಂಬ ಲೆಕ್ಕವಂತೆ ಅದು. ಸಂಭವನೀಯತೆ ಎಂಬ ಅದರ ಹೆಸರೇ ನನ್ನ ನಾಲಿಗೆಗೆ ಹೊರಳುವುದಿಲ್ಲ.

ಮೊದಲು ಕೇಳಿದವರು ಒಬ್ಬ ರೈಲ್ವೆ ಎಂಜಿನಿಯರು. ಯಾವುದೋ ಸೇತುವೆಯ ಮೇಲೆ ಹೊಳೆ ಎಂದೂ ಹರಿದಿಲ್ಲ, ಅದರ ಲೆಕ್ಕಕ್ಕೆ ಬೇಕು ಎಂದಿದ್ದರು. ಕಳಿಸಿದೆವು. ಆ ಮಳೆಗಾಲದಲ್ಲೇ ಅದೇ ಸೇತುವೆ ನೀರಿನಲ್ಲಿ ಮುಳುಗಿದ್ದನ್ನು ಸುವರ್ಣ ಪೇಪರಿನಲ್ಲಿ ಓದಿದಳು. ಆಮೇಲೆ ಅರೇಹಳ್ಳಿ ಕಡೆಯ ಕಾಫಿ ತಜ್ಞರು, ಎಂದೂ ರೋಗ ಮುಟ್ಟದ ಒಂದು ತೋಟಕ್ಕಾಗಿ ಕೇಳಿದರು. ಅವರು ಬಸ್ಸು ಹತ್ತಿ ಮನೆಗೇ ಬಂದು, ಕಾಫಿಪುಡಿ ಕೊಟ್ಟು, "ರೋಗ ಬಂತು ಕಣಮ್ಮ, ನಿಮ್ಮ ಮಗನ ಲೆಕ್ಕ ಸರಿಯಾಯ್ತು" ಎಂದು ಸಂತೋಷಪಟ್ಟರು. ಆ ಪುಡಿಯನ್ನು ನಾನಿನ್ನೂ ಬಿಚ್ಚಿಲ್ಲ.

ಮೂರನೆಯವರು ಮದರಾಸಿನ ಕಡೆಯ ಡಾಕ್ಟರು. ತಮ್ಮ ಆಸ್ಪತ್ರೆಯಲ್ಲಿ ಎಂದೂ ಕಾಣದ ಒಂದು ಜ್ವರದ ಬಗ್ಗೆ ಬರೆಯುತ್ತಿದ್ದರಂತೆ. ಹೋದ ವಾರ ಆ ಪ್ರತಿ ವಾಪಸು ಬಂತು. ಅವರ ಹೆಂಡತಿ ಒಂದು ಚೀಟಿ ಇಟ್ಟಿದ್ದರು: ಇದು ಇನ್ನು ಅವರಿಗೆ ಬೇಕಾಗುವುದಿಲ್ಲ.

ನನಗೆ ಹೆದರಿಕೆಯಾಗಿದೆ, ಮಗನೇ. ಅಪ್ಪಾಜಿ ಅದೆಲ್ಲ ಕಾಕತಾಳೀಯ ಎನ್ನುತ್ತಾರೆ. ಆದರೆ ಹಿತ್ತಿಲ ಮರದ ಕೆಳಗಿದ್ದ ಚಾಪೆಯನ್ನು ತಾವೇ ಸುತ್ತಿ ಒಳಗಿಟ್ಟಿದ್ದಾರೆ. ನಿನ್ನ ಬುದ್ಧಿಯ ಮೇಲೆ ನನಗೆ ಅನುಮಾನವಿಲ್ಲ. ಆಗದೇ ಉಳಿಯುವುದರ ಬಗ್ಗೆಯೂ ಒಂದು ಲೇಖನ ಬರಿ, ಯಾರು ಕೇಳಿದರೂ ಅದನ್ನೇ ಕಳಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕತ್ತಿನ ಲಿಂಗ ತೆಗೆದು ಮೊಳೆಗೆ ನೇತುಹಾಕಬೇಡ.

ನಿನ್ನ ಅವ್ವ,
ಗುರುಸಿದ್ದಮ್ಮ

ಮರೆತ ಮಾತು: ನಿನ್ನೆ ನಿನ್ನ ಕಾರ್ಡೂ ಬಂತು. ಅವ್ವಾ ಎಂದಿಲ್ಲ, ಕ್ಷೇಮ ಕೇಳಿಲ್ಲ, ಎಲ್ಲರ ಹಾಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ದಯವಿಟ್ಟು ಒಂದು ಪ್ರತಿ ಕಳಿಸಿ. ಯಾವುದಕ್ಕೆ ಎಂದು ಉಳಿದವರೆಲ್ಲ ಬರೆದಿದ್ದರು, ನೀನು ಬರೆದಿಲ್ಲ. ಅಲ್ಲಿ ಪ್ರತಿ ಮುಗಿದಿರಬಹುದು ಎಂದುಕೊಂಡರೂ ಮನಸ್ಸು ಕೇಳಲಿಲ್ಲ. ಇವತ್ತು ಬೆಳಿಗ್ಗೆ ಇಡೀ ಕಟ್ಟನ್ನು ಬಚ್ಚಲ ಒಲೆಗೆ ಹಾಕಿದೆ. ಉರಿದ ಮೇಲೆ ಸುವರ್ಣ ಬಾಯಿಬಿಟ್ಟಳು. ಅಣ್ಣನ ಅಕ್ಷರ ಕಂಡ ಖುಷಿಗೆ ನಿನ್ನೆಯೇ ಒಂದನ್ನು ನಿನಗೆ ಕಳಿಸಿಬಿಟ್ಟಿದ್ದಾಳೆ. ತಂತಿ ಕೊಡಿ ಎಂದರೆ, "ಏನಂತ ಕೊಡ್ಲಿ?" ಎಂದು ಅಪ್ಪಾಜಿ ನನ್ನ ಮುಖ ನೋಡುತ್ತಾರೆ. ಬುಕ್‌ಪೋಸ್ಟು ನಿಧಾನವಂತೆ, ಈ ಕಾಗದವೇ ಮುಂಚೆ ಸೇರಲಿ. ಆ ಕವರು ಬಂದರೆ ಬಿಚ್ಚಬೇಡ, ಕಂದಾ.