ಹಸಿಗಾರೆಯ ಮೇಲಿನ ಬಿಳಿ

ಮೇ 4, 1483. ಫ್ಲಾರೆನ್ಸ್. ಬೆಳಿಗ್ಗೆ

ಇವತ್ತೂ ಅವರ ಉಗುರಿನ ಸುಣ್ಣ ತೆಗೆದೆ. ಎಣ್ಣೆ ಹಚ್ಚಿ, ಕಡ್ಡಿಯಿಂದ, ಒಂದೊಂದೇ ಬೆರಳು. ಮದುವೆಯಾಗಿ ಇಪ್ಪತ್ತಮೂರು ದಿನ—ಹತ್ತು ಬೆರಳೂ ನನ್ನವು! ನೇರಿ, ನೇರಿ, ನೇರಿ. ಈ ದಿನಚರಿಯಲ್ಲಾದರೂ ಗಂಡನನ್ನು ಹೆಸರು ಹಿಡಿದು ಕರೆಯಬಹುದಲ್ಲ.

ಇಷ್ಟು ದಿನ ಹಲಗೆಯ ಮೇಲೆ ಬರೆದವರು. ಈಗ ಮೊದಲ ಸಲ ಗೋಡೆ. ಹೊಳೆದಂಡೆಯ ಇಗರ್ಜಿಯಲ್ಲಿ ಪೂರಾ ಒಂದು ಗೋಡೆ! ದೇವಮಾತೆಗೆ ಮುಖ ಯಾರದು? ನನ್ನದು!! ಅತ್ತೆಗೆ ಇನ್ನೂ ಹೇಳಿಲ್ಲ.

ಮೇ 11

ಮುಖದ ದಿನ. ಗಾರೆಯ ಗೀನೋ ಇವತ್ತಿಗೆ ಬೇಕಾದಷ್ಟೇ ಜಾಗಕ್ಕೆ ಹಸಿಗಾರೆ ಬಳಿದ—ಒಂದು ತಟ್ಟೆಯಗಲ. ಅದು ಆರುವುದರೊಳಗೆ ಬಣ್ಣ ಮುಗಿಯಬೇಕು. ಅರವತ್ತು ದಾಟಿದ ಮುದುಕ. ಸುಣ್ಣದ ಗುಂಡಿಯೇ ಅವನ ಪಾಠಶಾಲೆ.

ಸುಣ್ಣದ ಬಿಳಿಯಲ್ಲಿ ನನ್ನ ಕೆನ್ನೆ ಬೇಯಿಸಿದ ಮೂಲಂಗಿ! 'ರೀ, ಹಲಗೆಗೆ ಹಚ್ತೀರಲ್ಲ, ಆ ಸೀಸದ ಬಿಳಿ ಹಚ್ಚಿ' ಅಂದೆ.

'ಗೋಡೆಗೆ ಬೇಡ ಅಮ್ಮಾವ್ರೆ,' ಗೀನೋ ಕರಣೆ ಒರೆಸುತ್ತ ಅಂದ. 'ಹಸಿಗಾರೆ ಮೇಲೆ ಅದು ಕಪ್ಪಾಗ್ತದೆ. ನಮ್ಮಪ್ಪ ನೋಡಿದ್ದ. ನಾನೂ ನೋಡಿದೀನಿ.'

ಬಿಡುತ್ತೇನೆಯೇ? ಅಪ್ಪ ನೋಟರಿ, ಅಣ್ಣಂದಿರ ಜೊತೆ ಕೂರಿಸಿ ನನಗೂ ಲ್ಯಾಟಿನ್ ಕಲಿಸಿದವರು. ಬಳುವಳಿ ಪೆಟ್ಟಿಗೆಯಲ್ಲಿ ಅವರಿಟ್ಟ ರೋಮನರ ಪುಸ್ತಕ ಜೊತೆಗೇ ಇತ್ತು. ಓದಿದೆ—ಹಳೆಯ ಚಿತ್ರಕಾರರು ಸೀಸದ ಬಿಳಿಯನ್ನು ಮೆಚ್ಚಿ ಬಳಸುತ್ತಿದ್ದರಂತೆ. 'ರೋಮನರಿಗೆ ಗೊತ್ತಿಲ್ಲದ್ದು ನಿಮ್ಮಪ್ಪನಿಗೆ ಗೊತ್ತಿತ್ತಾ ತಾತ?'

ನೇರಿ ನಕ್ಕರು. 'ಪಂಡಿತೆ ಹೇಳಿದ ಮೇಲೆ ಮುಗೀತು ಗೀನೋ. ಇವಳನ್ನ ನೋಡಿ ಹಾಲು ನಾಚಬೇಕು.'

ಓದಿದ ಪುಟದಲ್ಲಿ ನೇರಳೆ ಬಣ್ಣದ ಹೂವಿಟ್ಟು ಮುಚ್ಚಿದೆ. ಹಾಲು ನಾಚಿತು!

ಆಗಸ್ಟ್ 15

ಗೋಡೆಯ ಪರದೆ ಸರಿಸಿದರು. ಜನ ಮಂಡಿಯೂರಿದರು... ನನಗಲ್ಲ, ದೇವಮಾತೆಗೆ, ಗೊತ್ತು. ಆದರೂ! ಅತ್ತೆ ಮಾತ್ರ, 'ನಿನ್ನ ಮೂಗು ಇಷ್ಟು ನೆಟ್ಟಗೆ ಯಾವಾಗಾಯ್ತೇ?'

ಅಕ್ಟೋಬರ್ 9

ಗೋಡೆಯ ಮುಖಕ್ಕೆ ಎಡಗಣ್ಣಿನ ಕೆಳಗೆ ಬೂದು. ಮೇಣದಬತ್ತಿಯ ಹೊಗೆ ಇರಬೇಕು. ಒರೆಸಿದೆ. ಹೋಗಲಿಲ್ಲ.

ನವೆಂಬರ್ 19

ಮುಖವೆಲ್ಲ ಕಪ್ಪು. ಕೈಗಳು ಮಾತ್ರ ಬೆಳ್ಳಗಿವೆ. ಹೆಂಗಸರು ಗೋಡೆ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಶಿಲುಬೆಯ ಗುರುತು ಮಾಡಿಕೊಂಡು ಸರಿಯುತ್ತಾರೆ.

ನೇರಿ ಗೀನೋನ ಕೊರಳಪಟ್ಟಿ ಹಿಡಿದರು. 'ಕೈ ಬರೆದ ದಿನದ ಗಾರೆ ಸರಿಯಿತ್ತು. ಮುಖದ ದಿನ ಮಾಗದ ಸುಣ್ಣ ಕಲಸಿದೀಯ!'

'ಎರಡು ವರ್ಷ ಕೊಳೆಸಿದ ಸುಣ್ಣ, ನೇರಿ. ಆ ಬಿಳಿ ಬೇಡ ಅಂದೆ.'

'ರೋಮನರು ಸುಳ್ಳೋ? ನೀನು ಸುಳ್ಳೋ?'

ಗೀನೋ ನನ್ನ ಕಡೆ ನೋಡಿದ.

ನಾಳೆ ಕಸುಬುದಾರರ ಸಂಘದ ಮುಂದೆ ವಿಚಾರಣೆ. ತಪ್ಪು ಯಾರದೋ ಅವರು ಇನ್ನು ಈ ಊರಲ್ಲಿ ಗೋಡೆ ಮುಟ್ಟುವಂತಿಲ್ಲ. ಪುಸ್ತಕ ನಾನೇ ಓದಬೇಕಂತೆ.

ನವೆಂಬರ್ 20, ಬೆಳಿಗ್ಗೆ

ಒಮ್ಮೆ ಓದಿಕೊಳ್ಳೋಣವೆಂದು ತೆರೆದೆ. ಹೂವು ಒಣಗಿ ಅಂಟಿದೆ. ಬಿಡಿಸಿದೆ. ಮುಂದಿನ ಪುಟ ತಿರುವಿದೆ—ಮೊದಲ ಸಲ.

ಹಸಿಗೋಡೆಗೆ ಒಗ್ಗದ ಬಣ್ಣಗಳ ಪಟ್ಟಿ. ಅದರಲ್ಲಿ ಸೀಸದ ಬಿಳಿ.

ಗೀನೋ ಹೇಳಿದ್ದೇ. ರೋಮನರೂ ಅದನ್ನೇ ಹೇಳಿದ್ದರು.

ಹೇಳಿಬಿಡುತ್ತೇನೆ. ದೇವರಾಣೆ. ಕೆಳಗಿಂದ ನೇರಿ—'ಪಂಡಿತೇ, ಹೊತ್ತಾಯ್ತು! ಇವತ್ತು ನಿನ್ನ ನಂಬ್ಕೊಂಡೇ ಹೊರಟಿದೀನಿ!'

ಸಂಜೆ

ಹೂವಿದ್ದ ಪುಟದ ತನಕವೇ ಓದಿದೆ.

ಇಲ್ಲಿ ಚಿತ್ರಕಾರರಿಗೂ ವೈದ್ಯರಿಗೂ ಒಂದೇ ಸಂಘ; ಹಿರಿಯರೆಲ್ಲ ವೈದ್ಯರು, ಔಷಧಿ ಅಂಗಡಿಯವರು. ಲ್ಯಾಟಿನ್ ಕೇಳಿ ತಲೆದೂಗಿದರು. ಹೆಂಗಸು ಓದುವುದನ್ನು ನೋಡಲೆಂದೇ ಅರ್ಧ ಜನ ಬಂದಿದ್ದರು. ಯಾರೋ 'ಭೇಷ್' ಅಂದರು. ಪುಟ ತಿರುವಿ ಅಂತ ಒಬ್ಬರಾದರೂ ಕೇಳಬಾರದಿತ್ತೇ...

ಗೀನೋ ಕರಣೆಯನ್ನು ಮೇಜಿನ ಮೇಲಿಟ್ಟು ಹೋದ.

ನವೆಂಬರ್ 28

ಗೀನೋ ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಮರಳು ಹೊರುತ್ತಿದ್ದ. ತಪ್ಪಿಸಿಕೊಂಡು ಹೋಗುತ್ತಿದ್ದೆ. ಅವನೇ ಕರೆದ.

'ಅಮ್ಮಾವ್ರೆ, ಆ ಪುಸ್ತಕ ಓದಿ ಮುಗೀತಾ? ನನಗೆ ಅಕ್ಷರ ಬರಲ್ಲ. ಮುಂದೆ ಎಲ್ಲಾದ್ರೂ ಗೋಡೆ ವಿಷ್ಯ ಬಂದ್ರೆ... ಸ್ವಲ್ಪ ನೋಡಿ.'

ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಜನವರಿ 6

ನೇರಿ ಕೈ ಚಾಚಿದರು. ಉಗುರಲ್ಲಿ ಸುಣ್ಣ. ತಲೆನೋವು ಅಂದೆ.

ಮಾರ್ಚ್ 2, ಇಗರ್ಜಿಯಲ್ಲಿ

ಚಳಿ ಬಿಟ್ಟಿದೆ. ನೇರಿ ಕಪ್ಪು ಮುಖವನ್ನು ಉಳಿಯಿಂದ ಕೆತ್ತಿ ತೆಗೆದರು. ಚೂರುಗಳು ನನ್ನ ಪಾದದ ಹತ್ತಿರ ಬಿದ್ದಿವೆ. ತುಟಿಯ ಒಂದು ಚೂರು ಗುರುತು ಸಿಕ್ಕಿತು.

ಹೊಸ ಗಾರೆಯವನು ಬಂದಿದ್ದಾನೆ. ಅವನಿಗೂ ವಯಸ್ಸಾಗಿದೆ. ತಟ್ಟೆಯಗಲದ ಹಸಿಗಾರೆ ಹೊಳೆಯುತ್ತಿದೆ. ಮತ್ತೆ ನನ್ನದೇ ಮುಖವಂತೆ.

ಸಾರವೆಯ ಹಲಗೆ ಮೇಲಿಂದ ನೇರಿ—'ಈ ಸಲ ಸುಣ್ಣ ಬಂಗಾರ ಕಣೇ! ಬಿಳಿ ಅದೇ ತಾನೆ?'

ಬೇಡ ಅಂದರೆ ಯಾಕೆ ಅನ್ನುತ್ತಾರೆ. ಹೂಂ ಅಂದರೆ ಇನ್ನೊಂದು ಚಳಿಗಾಲಕ್ಕೆ ಮತ್ತೆ ಕಪ್ಪು. ಆಗ ಈ ಮುದುಕನೂ...

ಗಾರೆ ಅಂಚಿನಲ್ಲಿ ಆರುತ್ತಿದೆ.

'ಪಂಡಿತೇ, ಬೇಗ ಹೇಳೇ!'

ನಾನು—